ಮೂವತ್ತೊಂದು ವರ್ಷಕ್ಕೆ ಮೂರಕ್ಷರ

ನಮ್ಮ ನಿಘಂಟು ಕಚೇರಿ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೂವತ್ತೆರಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಸಿಗುವ ಮೂರು ಕೋಣೆಗಳಲ್ಲಿ. ಇಂಗ್ಲಿಷಿನ ಒಂದೊಂದು ಪದಕ್ಕೂ ನಮ್ಮ ಭಾಷೆಯಲ್ಲಿ ಅರ್ಥ ಬರೆಯುವುದು ಅಲ್ಲಿಯ ಕೆಲಸ. ಒಂದು ಅರ್ಥಕ್ಕೆ ಒಂದು ಚೀಟಿ. ಗೋಡೆಯುದ್ದಕ್ಕೂ ಚೀಟಿ ತುಂಬಿದ ಖಾನೆಗಳು. ಆ ಭಾರಕ್ಕೆ ಕಟ್ಟಡ ಎಷ್ಟು ವಾಲಿತ್ತೆಂದರೆ, ಯಾರ ಕೈಯಿಂದ ಪೆನ್ಸಿಲ್ ಬಿದ್ದರೂ ಅದು ತಾನೇ ಉರುಳಿಕೊಂಡು ನಿರ್ದೇಶಕರ ಕೋಣೆಗೆ ಹೋಗಿ ನಿಲ್ಲುತ್ತಿತ್ತು. ನಾವು ವಾರಕ್ಕೊಮ್ಮೆ ಹೋಗಿ ಬಾಚಿಕೊಂಡು ಬರುತ್ತಿದ್ದೆವು.

ನಾನು ನಾಮಪದದ ಮೇಜಿನವನು. ನಾಮಪದಗಳು ಸಾಧು ಪ್ರಾಣಿಗಳು. ಕುರ್ಚಿ ಎಂದರೆ ಕುರ್ಚಿ. ಅನುಮಾನ ಬಂದರೆ ಎದ್ದು ಹೋಗಿ ನೋಡಬಹುದು, ಅದು ಅಲ್ಲೇ ಇರುತ್ತದೆ. ಎದುರಿನ ಮೇಜು ಕ್ರಿಯಾಪದದ್ದು. ಅದರ ಹಿಂದೆ ಕೂರುತ್ತಿದ್ದವರನ್ನು ಊರೆಲ್ಲ ಕರೆಯುತ್ತಿದ್ದದ್ದು ಚೀಟಿ ಮೇಷ್ಟ್ರು ಎಂದು. ಕಡ್ಡಿಯಂಥ ಆಳು. ಅಂಗಿಗೆ ನಾಲ್ಕು ಜೇಬು, ನಾಲ್ಕರಲ್ಲೂ ಚೀಟಿ. ಜೇಬು ಖಾಲಿ ಮಾಡಿದರೆ ಗಾಳಿಗೆ ಹಾರಿಹೋದಾರೆಂದು ಅವರ ಹೆಂಡತಿ ಒಗೆಯುವ ದಿನವೂ ಎರಡು ಚೀಟಿ ಬಿಟ್ಟೇ ಒಗೆಯುತ್ತಿದ್ದರಂತೆ.

ಕಚೇರಿ ಕಟ್ಟಿದ ಹಿರಿಯರು ಒಂದು ನಿಯಮ ಮಾಡಿಟ್ಟಿದ್ದರು. ಯಾವ ಅರ್ಥವನ್ನೂ ಪುಸ್ತಕ ನೋಡಿ ಬರೆಯುವ ಹಾಗಿಲ್ಲ. ಯಾರಾದರೂ ತಾವಾಗಿ ಆಡಿದ ಮಾತನ್ನು ಕಿವಿಯಾರೆ ಕೇಳಿ, ಆ ವಾಕ್ಯವನ್ನು ಚೀಟಿಯಲ್ಲಿ ಬರೆದು, ಕೊನೆಗೆ ಆಡಿದವರು ಯಾರೆಂದು ಗುರುತು ಹಾಕಬೇಕು: ಬಡಗಿ, ದರ್ಜಿ, ಮೀನು ಮಾರುವವಳು. ಆ ಗುರುತೂ ಸಣ್ಣಕ್ಷರದಲ್ಲಿ ಅಚ್ಚಾಗುತ್ತಿತ್ತು. ಬೇಡಿ ಹೇಳಿಸಿಕೊಂಡ ಮಾತು ಲೆಕ್ಕಕ್ಕಿಲ್ಲ. ಇದು ಸಾಲದೆಂದು ಮೇಷ್ಟ್ರು ತಮ್ಮದೇ ಇನ್ನೊಂದು ನಿಯಮ ಸೇರಿಸಿಕೊಂಡಿದ್ದರು: ಮಾಡಿ ನೋಡದ ಕ್ರಿಯಾಪದವನ್ನು ಮುಟ್ಟಬಾರದು. ಪ್ರತಿ ಚೀಟಿಯ ಹಿಂದೆ 'ಮಾಡಿ ನೋಡಿದ್ದು: ಆಗಿದೆ' ಎಂದು ಬರೆದ ಮೇಲೆಯೇ ಅದು ಖಾನೆಗೆ.

ಇದರಿಂದ ಆದ ಅನಾಹುತಗಳಿಗೆ ಬೇರೆಯೇ ನಿಘಂಟು ಬೇಕು. 'ಬಾರ್ಕ್' ಬಂದಾಗ ಬೀದಿ ಮೂಲೆಯ ನಾಯಿಯೆದುರು ನಿಂತು ಮೂರು ದಿನ ಬೊಗಳಿದರು. ನಾಯಿ ನಾಚಿಕೊಂಡು ಬೇರೆ ಬೀದಿಗೆ ಸಂಸಾರ ಬದಲಾಯಿಸಿತು. 'ಬೆಂಡ್' ಬಂದಾಗ ಬಗ್ಗಿದ ಸೊಂಟ ನಾಲ್ಕು ದಿನ ಎದ್ದು ನಿಲ್ಲಲಿಲ್ಲ. ಆ ನಾಲ್ಕು ದಿನ ಅವರ ವಿನಯವನ್ನು ಹೊಗಳದವರಿಲ್ಲ. 'ಬೈಟ್' ಬಂದಾಗ ಕಚ್ಚಿದ ಗುರುತು ಮೇಜಿನ ಅಂಚಿನಲ್ಲಿ ಇವತ್ತಿಗೂ ಇದೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ನೋಡಿ ಇಲಿಬೋನು ತರಿಸುತ್ತಾರೆ. 'ಕ್ರಾಲ್'ಗಾಗಿ ಕೋಣೆಯಿಂದ ಕೋಣೆಗೆ ಅಂಬೆಗಾಲಿಕ್ಕಿದಾಗ ಹಳೆಯ ನಿರ್ದೇಶಕರು ಕ್ಷಮೆ ಕೇಳಲು ಬರುತ್ತಿದ್ದಾರೆಂದು ತಿಳಿದು, ಯಾವ ತಪ್ಪಿಗೆಂದು ಕೇಳದೆ ಕ್ಷಮಿಸಿಬಿಟ್ಟರು. ಉಸಿರುಗಟ್ಟುವ 'ಚೋಕ್' ಬಂದ ದಿನ ಮಾತ್ರ ಹೆಂಡತಿಯೇ ಕಚೇರಿಗೆ ಬಂದು ಪಕ್ಕದಲ್ಲಿ ಕಾವಲು ಕೂತಿದ್ದರು.

ಹೀಗೆ ಮಾಡಿ ಮಾಡಿ ನೋಡುತ್ತ ಮೂವತ್ತೊಂದು ವರ್ಷದಲ್ಲಿ ಕಚೇರಿ ಎ ಮುಗಿಸಿ, ಬಿ ಮುಗಿಸಿ, ಸಿ ಎಂಬ ಮೂರನೆಯ ಅಕ್ಷರದ ಕೊನೆಗೆ ಬಂದಿತ್ತು. ಅಷ್ಟರಲ್ಲಿ ಹೊಸ ನಿರ್ದೇಶಕಿ ಬಂದರು. ಆಕೆಗೆ ಎರಡು ಕೈಗಡಿಯಾರ. ಒಂದರಲ್ಲಿ ಈಗಿನ ಹೊತ್ತು, ಇನ್ನೊಂದರಲ್ಲಿ ನಾವು ಎಷ್ಟು ಹಿಂದಿದ್ದೇವೆಂಬ ಹೊತ್ತು ಎಂದು ನಮ್ಮ ಗುಮಾನಿ. ಬಂದ ಮೂರನೆಯ ಸೋಮವಾರ ಬೆಳಿಗ್ಗೆ ಮೇಷ್ಟ್ರ ಮೇಜಿನ ಮುಂದೆ ನಿಂತು ಹೇಳಿದರು:

"ಮೇಷ್ಟ್ರೇ, ಮೊದಲನೇ ಸಂಪುಟ ಕೊಂಡೋರು ತೀರ್ಕೊಂಡ್ರು. ಎರಡನೇದನ್ನ ಅವರ ಮಕ್ಕಳು ಕೊಂಡ್ರು. ಮೂರನೇದು ಯಾವಾಗ ಅಂತ ಈಗ ಮೊಮ್ಮಕ್ಕಳು ಕೇಳ್ತಿದ್ದಾರೆ. ಬೇರೆ ಕ್ರಿಯಾಪದ ಬೆರಳೆಣಿಕೆಯಷ್ಟಿವೆ, ಅವನ್ನ ಮುಂದಿನ ವಾರ ನೋಡೋಣ. ನಿಂತಿರೋದು ಈ ಕ್ರಷ್ ಒಂದೇ. ಶುಕ್ರವಾರ ಹನ್ನೆರಡು ಗಂಟೆಗೆ ನನ್ನ ಮೇಜಿನ ಮೇಲಿರ್ಬೇಕು. ಇಲ್ಲದಿದ್ರೆ 'ಪುಡಿಮಾಡು' ಅಂತ ಒಂದು ಸಾಲು ಹಾಕಿ ಅಚ್ಚಿಗೆ ಕಳಿಸ್ತೀನಿ. ಆಮೇಲೆ ಕ್ರಿಯಾಪದ ಬೇರೆಯೋರು ನೋಡ್ಕೊಳ್ತಾರೆ. ನೀವು ಪುಟದ ನಂಬರು ನೋಡ್ಕೊಳ್ಳಿ."

ಪುಟದ ನಂಬರು! ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಅದರಲ್ಲಿ ಮಾಡಿ ನೋಡುವುದಕ್ಕೆ ಏನಿದೆ? ಮೇಷ್ಟ್ರ ಮುಖ ಚೀಟಿಗಿಂತ ಬೆಳ್ಳಗಾಯಿತು. ಸಂಜೆ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡು, ನಿಂಬೆಹಣ್ಣನ್ನು ಪುಡಿಮಾಡುವುದಕ್ಕಾಗುತ್ತದೆಯೇ, ಬಾಳೆಹಣ್ಣನ್ನು ಮಾಡುವುದಕ್ಕಾಗುತ್ತದೆಯೇ, ಬಸ್ಸಿನಲ್ಲಿ ನಿಂತವನನ್ನು ಮಾಡುವುದಕ್ಕಾಗುತ್ತದೆಯೇ ಎಂದು ಮೆಟ್ಟಿಲಿಗೊಂದರಂತೆ ಮೂವತ್ತೆರಡು ಪ್ರಶ್ನೆ ಕೇಳಿದರು. ನಾನು ನಾಮಪದದವನು.

ಮೇಷ್ಟ್ರ ಮನೆ ನಮ್ಮ ಮನೆಯ ಮೇಲೆಯೇ. ಅವರ ನೆಲ ನಮ್ಮ ಸೂರು. ಆದ್ದರಿಂದ ಆ ವಾರದ ಕಥೆಯನ್ನು ಅರ್ಧ ಅವರ ಬಾಯಿಂದ ಕೇಳಿದೆ, ಉಳಿದರ್ಧ ನನ್ನ ಚಹಾದ ಲೋಟಕ್ಕೆ ಸುಣ್ಣದ ಗಾರೆಯಾಗಿ ಉದುರಿತು. ಮನೆಯಲ್ಲಿದ್ದದ್ದು ಮೂವರು. ಮೇಷ್ಟ್ರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿ, ಮತ್ತು ಆಕೆಯ ತಾಯಿ, ಎಂಬತ್ತಮೂರು ವರ್ಷದ ಅತ್ತೆ. ಅತ್ತೆಯ ಬಾಯಲ್ಲಿ ಹಲ್ಲೊಂದೂ ಉಳಿದಿರಲಿಲ್ಲ, ಆದರೆ ಮಾತು ಕಚ್ಚಿದರೆ ಮೂರು ದಿನ ಉರಿ. ಅಡುಗೆಮನೆಯ ಬಾಗಿಲಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಕೂತರೆ ಒಳಗಿನ ಪಾತ್ರೆಗಳೂ ನೆಟ್ಟಗೆ ಕೂರುತ್ತಿದ್ದವು. ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸಿದವರಲ್ಲ. ಆ ಬಹುವಚನದಲ್ಲಿ ಎಷ್ಟು ಮೊಳೆ ಇರುತ್ತಿತ್ತೆಂದರೆ ಏಕವಚನವೇ ವಾಸಿ.

ಈ ಅತ್ತೆಗೂ ನಿಘಂಟಿಗೂ ಒಂದು ಹಳೆಯ ವ್ಯವಹಾರವಿತ್ತು. ಮದುವೆಯಾದ ಹೊಸದರಲ್ಲಿ ಆಕೆ ಅಳಿಯನನ್ನು ಕೇಳಿದ್ದರಂತೆ, ನಿಮ್ಮ ಪುಸ್ತಕದಲ್ಲಿ ಅತ್ತೆ ಇದ್ದಾಳೋ ಎಂದು. ಇದ್ದಾಳೆ, ಇಂಗ್ಲಿಷಿನಲ್ಲಿ ಎಂ ಎಂಬ ಅಕ್ಷರದಲ್ಲಿ ಬರುತ್ತಾಳೆ ಎಂದಿದ್ದರು ಮೇಷ್ಟ್ರು. ಅಂದಿನಿಂದ ಅತ್ತೆ ದಿನವೂ ಸಂಜೆ ಮಾತ್ರೆ ನುಂಗುವ ಹೊತ್ತಿಗೆ ವಿಚಾರಿಸುವರು: "ಅಳಿಯಂದಿರೇ, ನನ್ನಕ್ಷರಕ್ಕೆ ಬಂದ್ರಾ?" ಇನ್ನೂ ಇಲ್ಲ ಅತ್ತೆ ಎಂದು ಇವರು. "ಮೂವತ್ತೊಂದು ವರ್ಷಕ್ಕೆ ಮೂರಕ್ಷರ. ಆಮೆ ನಿಮ್ಮನ್ನ ನೋಡಿದ್ರೆ ದಾರಿ ಬಿಡು ಅಂತ ಹಾರ್ನ್ ಹೊಡೆಯತ್ತೆ" ಎಂದು ಅವರು. ಮಾತ್ರೆ ಇಡಿಯಾಗಿ ನುಂಗಲು ಬರುತ್ತಿರಲಿಲ್ಲವಾದ್ದರಿಂದ ಮಗಳು ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ, ನೀರಲ್ಲಿ ಕಲಸಿ ಕೊಡುವಳು. ಹಗಲಿಗೆ ತೆರೆ ಬೀಳುತ್ತಿದ್ದದ್ದು ಹೀಗೆ.

ಸೋಮವಾರ ಸಂಜೆಯೇ ಮೇಷ್ಟ್ರು ಅಡುಗೆಮನೆಗೆ ನುಗ್ಗಿದರು. ಮೊದಲು ಬೆಳ್ಳುಳ್ಳಿ. ಕಲ್ಲಿನ ಒರಳಿಗೆ ಹಾಕಿ, ಗುಂಡುಕಲ್ಲು ಎತ್ತಿ ಬಾರಿಸಿದ ರಭಸಕ್ಕೆ ಒಂದು ಎಸಳು ಕಿಟಕಿಯಿಂದ ಹಾರಿ ಎದುರು ಮನೆಯವರ ಸಾರಿಗೆ ಬಿತ್ತು. ಅವರು ಇವತ್ತು ಸಾರು ಚೆನ್ನಾಗಿದೆ ಅಂದರಂತೆ. ಬೆತ್ತದ ಕುರ್ಚಿ ಸುಮ್ಮನಿರಲಾರದೆ ಹೋಯಿತು.

"ಅಳಿಯಂದಿರೇ, ಬೆಳ್ಳುಳ್ಳೀನ ಜಜ್ಜಬೇಕು. ಒಂದೇಟು, ಅದರ ಸೊಕ್ಕು ಮುರಿಯೋಷ್ಟು. ನೀವು ಮೆಣಸು ಕುಟ್ಟೋ ಹಾಗೆ ಕುಟ್ತಿದ್ದೀರಿ."

ಮೇಷ್ಟ್ರ ಕಿವಿ ನಿಮಿರಿತು. ಕಿವಿಯ ಹಿಂದಿನ ಪೆನ್ಸಿಲ್ ಕೈಗೆ ಬಂತು. ಜಜ್ಜು ಒಂದು ಚೀಟಿ, ಕುಟ್ಟು ಒಂದು ಚೀಟಿ. ಕೊನೆಯಲ್ಲಿ ಗುರುತು. ಅತ್ತೆ ಏನದು ಬರೆದುಕೊಳ್ಳುವುದು ಎಂದು ಕೇಳಿದ್ದಕ್ಕೆ ಕಚೇರಿ ಕೆಲಸ ಎಂದರು.

ಆಮೇಲೆ ಸುರಿಮಳೆ. ಬಾಳೆಹಣ್ಣನ್ನು ಒರಳಿಗೆ ಹಾಕಿದ್ದಕ್ಕೆ, ಅದನ್ನು ಬೆರಳಲ್ಲಿ ಕಿವುಚುವುದಕ್ಕೆ ದೇವರು ಕೈ ಕೊಟ್ಟಿಲ್ಲವೇ ಎಂದು ಬೈಸಿಕೊಂಡರು. ನಿಂಬೆಹಣ್ಣನ್ನು ಜಜ್ಜಿದ್ದಕ್ಕೆ, ಅದು ಹಿಂಡುವ ಹಣ್ಣೆಂದು ಬುದ್ಧಿ ಹೇಳಿಸಿಕೊಂಡರು. ಟೊಮೆಟೊವನ್ನು ಮುಷ್ಟಿಯಲ್ಲಿ ಹಿಡಿದಾಗ ರಸ ಚಿಮ್ಮಿ ಸೂರಿಗೆ ಬಡಿಯಿತು. ಹಾಗೆ ಕತ್ತು ಹಿಸುಕಿದಂತೆ ಹಿಸುಕಿದರೆ ಅದು ತಾನೇ ಏನು ಮಾಡೀತು ಎಂದರು ಅತ್ತೆ. ಒಣಗಿದ ಎಲೆಯನ್ನು ಅಂಗೈಯಲ್ಲಿ ಹೊಸಕಿ ಎಂದರು, ನೆನೆಸಿದ ಕಾಳನ್ನು ನೀರು ಹಾಕಿ ಅರೆಯಿರಿ ಎಂದರು, ಗೋಧಿಯನ್ನು ಅರೆಯಲು ಹೋದಾಗ ಅದನ್ನು ಬೀಸುತ್ತಾರೆ ಎಂದರು. ರಾತ್ರಿ ಊಟಕ್ಕೆ ಸಿಕ್ಕಿದ್ದು ಇವೆಲ್ಲ ಸೇರಿ ಆದ ಒಂದು ಬೂದುಬಣ್ಣದ ಪದಾರ್ಥ. ಮೇಷ್ಟ್ರ ಹೆಂಡತಿ ಅದನ್ನು ಒಂದು ಚಮಚ ಬಾಯಿಗಿಟ್ಟು, ಇದು ಯಾವ ಅಕ್ಷರ ಎಂದು ಕೇಳಿದರಂತೆ.

ಮಂಗಳವಾರ ಮನೆಯಲ್ಲಿ ಜಜ್ಜುವಂಥದು ಏನೂ ಉಳಿಯದೆ ಬೀದಿಗೆ ಬಂದರು. ರಸ್ತೆಗೆ ಜಲ್ಲಿ ಹಾಸುತ್ತಿದ್ದ ಕಡೆ ಹೋಗಿ ರೋಲರಿನ ಮುಂದೆ ತಮ್ಮ ಊಟದ ಡಬ್ಬಿ ಇಟ್ಟರು. ಅದು ಎಷ್ಟು ತೆಳ್ಳಗಾಯಿತೆಂದರೆ ಅದನ್ನು ಸಂಜೆ ಚೀಟಿಗಳ ನಡುವೆ ಇಟ್ಟುಕೊಂಡೇ ಮನೆಗೆ ತಂದರು. ಬರುವಾಗ ಬೇಕೆಂದೇ ಅತಿ ತುಂಬಿದ ಬಸ್ಸು ಹತ್ತಿದರು. ಇಳಿಯುವಾಗ ಅವರ ಅಂಗಿಯಲ್ಲಿ ಬೇರೆಯವರ ಎರಡು ಗುಂಡಿ, ಕೈಯಲ್ಲಿ ಯಾರದೋ ಕೊಡೆ ಇತ್ತು.

ಅತ್ತೆ ಮೇಲಿಂದ ಕೆಳಗೆ ನೋಡಿದರು. "ಏನಳಿಯಂದಿರೇ, ಹಿಂಡಿ ಹಿಪ್ಪೆ ಮಾಡಿ ಕಳಿಸಿದ್ದಾರೆ, ಹಗ್ಗಕ್ಕೆ ಹಾಕೋದು ಮರೆತ್ರಾ? ಡಬ್ಬೀನೂ ಅಪ್ಪಚ್ಚಿ ಮಾಡ್ಕೊಂಡು ಬಂದ್ರಿ. ನಾಳೆಯಿಂದ ಊಟಾನ ಕಾಗದದ ಥರ ಮಡಚಿ ಕಳಿಸೋಣ ಬಿಡಿ."

ಇನ್ನೆರಡು ಚೀಟಿ.

ಬುಧವಾರ ಅಕ್ರೋಟಿನ ಸರದಿ. ಕಾಯಿಯನ್ನು ನೆಲದ ಮೇಲಿಟ್ಟು, ಗುಂಡುಕಲ್ಲನ್ನು ತಲೆಯ ಮಟ್ಟಕ್ಕೆತ್ತಿ, ಕಣ್ಣು ಮುಚ್ಚಿ ಬಿಟ್ಟರು. ಅಕ್ರೋಟು ಜಾಣ, ಸರಿದುಕೊಂಡಿತು. ನಮ್ಮ ಮನೆಯ ಸೂರಿನಿಂದ ಒಂದು ತಟ್ಟೆಯಷ್ಟು ಗಾರೆ ಬಿತ್ತು. ಮೇಷ್ಟ್ರ ಕಾಲಿನ ಹೆಬ್ಬೆರಳು ಊದಿ ಬದನೆಕಾಯಿಯಾಯಿತು. ಆಮೇಲೆ ಅವರು ನಡೆಯುವಾಗ ಬೆರಳು ಮುಂದೆ ಹೋಗಿ ಮೂಲೆ ತಿರುಗಿದ ಮೇಲೆ ಮೇಷ್ಟ್ರು ಹಿಂದಿನಿಂದ ಬರುತ್ತಿದ್ದರು. ಹೆಂಡತಿ ಅಂಗಡಿಯಿಂದ ಒಂದು ಊರುಗೋಲು ತಂದುಕೊಟ್ಟರು. ಮೇಷ್ಟ್ರಿಗೆ ಆ ನೋವಿನಲ್ಲೂ ಸಂತೋಷ. ಏಕೆಂದರೆ ಪಟ್ಟಿಯಲ್ಲಿ ಕ್ರಷ್ ಆದ ಎರಡು ಪದಕ್ಕೆ 'ಕ್ರಚ್', ಅಂದರೆ ಊರುಗೋಲೇ ಬರುತ್ತದೆ. ಅದು ನಾಮಪದ, ನನ್ನ ಪಾಲಿನದು. ನನಗೆ ತೋರಿಸಲು ಕುಂಟಿಕೊಂಡು ಕೆಳಗಿಳಿದು ಬಂದರು. ಹಿಂದೆಯೇ ಮೇಲಿನಿಂದ ಮಾತು ಬಂತು: "ಅಕ್ರೋಟು ಒಡೀರಿ ಅಂದ್ರೆ ಕಾಲು ಚಚ್ಚಿಕೊಂಡ್ರು. ಅಕ್ರೋಟಿಗೆ ಇವರಿಗಿಂತ ತಲೆ ಗಟ್ಟಿ." ಮೇಷ್ಟ್ರು ನನ್ನ ಬಾಗಿಲಿಗೆ ಒರಗಿ ನಿಂತು ಅದನ್ನೂ ಬರೆದುಕೊಂಡರು.

ಹೀಗೆ ಹದಿನೇಳು ಅರ್ಥ ಹದಿನೇಳು ಚೀಟಿಯಲ್ಲಿ ಕೂತವು. ಉಳಿದದ್ದು ಒಂದೇ, ಮತ್ತು ಅದೇ ಕಠಿಣ: ಮನುಷ್ಯನನ್ನು ಮಾತಿನಿಂದಲೋ ನಡತೆಯಿಂದಲೋ ಕುಗ್ಗಿಸಿ, ತಲೆಯೆತ್ತದ ಹಾಗೆ ಮಾಡುವುದು. ಆ ಅರ್ಥವಿಲ್ಲದೆ ಪದ ಮುಗಿಯದು. ಮಾಡಿ ನೋಡದೆ ಮೇಷ್ಟ್ರು ಬರೆಯರು. ಅವರೋ, ಸೊಳ್ಳೆಯನ್ನು ಹೊಡೆಯುವ ಮೊದಲು ಅದಕ್ಕೆ ಬೇರೆ ಕೆಲಸವಿದೆಯೋ ಎಂದು ವಿಚಾರಿಸುವ ಪೈಕಿ.

ಗುರುವಾರ ರಜೆ ಹಾಕಿ, ಊರುಗೋಲು ಊರಿಕೊಂಡು, ಕುಗ್ಗಿಸಲು ಜನ ಹುಡುಕುತ್ತ ಹೊರಟರು. ಮೊದಲು ದರ್ಜಿ. ನಿಮ್ಮ ಹೊಲಿಗೆ ನೇರವಿಲ್ಲ ಎಂದು ಗದರಿದರು. ದರ್ಜಿ, ಇಪ್ಪತ್ತು ವರ್ಷದಿಂದ ನಾನೂ ಅದೇ ಅಂದುಕೊಂಡಿದ್ದೆ, ಹೇಳುವವರು ಇರಲಿಲ್ಲ ಎಂದು ಕೂರಿಸಿ ಚಹಾ ತರಿಸಿದ. ಆಮೇಲೆ ಬಸ್ ಕಂಡಕ್ಟರ್. ಇವರು ಬಾಯಿ ತೆರೆಯುವುದರೊಳಗೆ ಅವನೇ ಇವರನ್ನು ಕುಗ್ಗಿಸಿ ಎರಡು ಸ್ಟಾಪ್ ಮೊದಲೇ ಇಳಿಸಿದ. ಕೊನೆಗೆ ನನ್ನ ಹತ್ತಿರ ಬಂದು, ನಿಮ್ಮ ನಾಮಪದಗಳಲ್ಲಿ ಜೀವವೇ ಇಲ್ಲ ಎಂದರು. ಅದಕ್ಕೇ ಅವು ಇಷ್ಟು ವರ್ಷ ಬಾಳಿಕೆ ಬಂದಿವೆ ಎಂದೆ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಮೇಲೆ ಹತ್ತಿದರು.

ಸಂಜೆ ಐದರ ಹೊತ್ತು. ಹೆಂಡತಿ ಅಂಗಡಿಯಿಂದ ಆಗತಾನೆ ಬಂದು ಚಪ್ಪಲಿ ಬಿಡುತ್ತಿದ್ದರು. ನಿರ್ದೇಶಕಿಯ ಫೋನು ಬಂದಿತ್ತು, ನಾಳೆ ಹನ್ನೆರಡು ಎಂದು ಮರೆಯಬೇಡಿ ಅಂತ. ಮೇಷ್ಟ್ರ ಊದಿದ ಬೆರಳು ಪಟಪಟ ಬಡಿದುಕೊಳ್ಳುತ್ತಿತ್ತು. ಬೆತ್ತದ ಕುರ್ಚಿಯಿಂದ ದಿನದ ಪ್ರಶ್ನೆ ಬಂತು.

"ಅಳಿಯಂದಿರೇ, ನನ್ನಕ್ಷರಕ್ಕೆ ಬಂದ್ರಾ?"

ಮೇಷ್ಟ್ರು ತಿರುಗಿ ನೋಡಲಿಲ್ಲ. ಲೆಕ್ಕ ಮಾತ್ರ ಸರಿಯಾಗಿ ಮಾಡಿದರು. "ಮೂರಕ್ಷರಕ್ಕೆ ಮೂವತ್ತೊಂದು ವರ್ಷ. ನಿಮ್ಮಕ್ಷರಕ್ಕೆ ಇನ್ನು ಹತ್ತಿದೆ. ನೂರಾ ಮೂರು ವರ್ಷ ಬೇಕು ಅತ್ತೆ. ಅಷ್ಟೊತ್ತಿಗೆ ನೀವೆಲ್ಲಿರ್ತೀರಿ?"

ಉತ್ತರ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಉತ್ತರ ಬರಲಿಲ್ಲ. ಮೇಷ್ಟ್ರು ತಿರುಗಿದರು. ಅತ್ತೆ ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದರು, ಅವು ಯಾರದೋ ಎಂಬ ಹಾಗೆ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಿದ್ದರೆ ಮೇಷ್ಟ್ರಿಗೆ ಸಮಾಧಾನವಾಗುತ್ತಿತ್ತು. ಮೆತ್ತಗೆ ಹಾಕಿಕೊಂಡರು.

ಹೆಂಡತಿ ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿದ್ದರು. ಅಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದ್ದಳು, ಅಳಿಯ ನನ್ನನ್ನು ಪುಸ್ತಕಕ್ಕೆ ಹಾಕುತ್ತಾನೆ ಅಂತ, ಬೈಯುವುದು ನಿಮ್ಮೆದುರು ಮಾತ್ರ ಎಂದರು. ಆಮೇಲೆ, "ಮಾಡಿ ನೋಡಿದ್ದಾಯ್ತಲ್ಲ ರೀ. ಬರ್ಕೊಳ್ಳಿ" ಎಂದು ಅಡುಗೆಮನೆಗೆ ಹೋದರು.

ಹೌದು, ಆಗಿತ್ತು. ಇಡೀ ದಿನ ಊರು ಸುತ್ತಿದರೂ ಆಗದ್ದು, ಕೂತಲ್ಲೇ ಒಂದು ಮಾತಿನಲ್ಲಿ ಆಗಿಹೋಗಿತ್ತು. ಮೇಷ್ಟ್ರು ಚೀಟಿ ತೆಗೆದು ಹಿಂಬದಿಯಲ್ಲಿ 'ಮಾಡಿ ನೋಡಿದ್ದು: ಆಗಿದೆ' ಎಂದು ಬರೆದರು. ಮುಂಬದಿ ತಿರುಗಿಸಿದರೆ ಪೆನ್ಸಿಲ್ ಏಳಲಿಲ್ಲ. ಅತ್ತೆಯ ಆ ಮುಖವನ್ನು ಅಚ್ಚು ಹಾಕಿಸಿ, ಇನ್ನೊಬ್ಬರ ಮೊಮ್ಮಕ್ಕಳು ಓದಿ ಅರ್ಥ ತಿಳಿದುಕೊಳ್ಳುವುದೇ? ಹೆಂಡತಿಗೆ ಹೇಳಿದರು, ಈ ಚೀಟಿ ಖಾಲಿಯೇ ಇರಲಿ, ನಾಳೆಯಿಂದ ಪುಟದ ನಂಬರು ನೋಡಿಕೊಳ್ಳುತ್ತೇನೆ ಎಂದು. ಅತ್ತೆಯ ಮಾತ್ರೆಗಳು ಇಡಿಯಾಗಿ ಎರಡು ಚಮಚದ ನಡುವೆ ಹಾಗೇ ಉಳಿದವು.

ಉಳಿದ ಹದಿನೇಳನ್ನಾದರೂ ಜೋಡಿಸಿಡೋಣವೆಂದು ಮೇಷ್ಟ್ರು ಹರಡಿಕೊಂಡು ಕೂತರು. ಒಂದರ ಮೇಲೊಂದು ಇಡುತ್ತ ಬಂದ ಹಾಗೆ ಕೈ ನಿಧಾನವಾಯಿತು. ಪ್ರತಿ ಚೀಟಿಯ ಕೊನೆಯಲ್ಲೂ ಅವರದೇ ಅಕ್ಷರದಲ್ಲಿ ಬರೆದಿದ್ದ ಗುರುತನ್ನು ಅವರೇ ಮೊದಲ ಸಲ ಓದಿದಂತಾಯಿತು. ಹದಿನೇಳರಲ್ಲಿ ಬಡಗಿಯಿಲ್ಲ, ದರ್ಜಿಯಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಒಳಕೋಣೆಯ ಬಾಗಿಲಿನೆದುರು ಒಂದು ಸ್ಟೂಲು ಹಾಕಿಕೊಂಡು, ಬದನೆಕಾಯಿ ಬೆರಳನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು, ಮೇಷ್ಟ್ರು ಮುಚ್ಚಿದ ಬಾಗಿಲಿಗೆ ಓದತೊಡಗಿದರು. "ಜಜ್ಜು. 'ಬೆಳ್ಳುಳ್ಳೀನ ಜಜ್ಜಬೇಕು, ಒಂದೇಟು, ಅದರ ಸೊಕ್ಕು ಮುರಿಯೋಷ್ಟು.' ಆಡಿದವರು, ಅತ್ತೆ." ಸದ್ದಿಲ್ಲ. "ಕುಟ್ಟು. ಆಡಿದವರು, ಅತ್ತೆ." ಸದ್ದಿಲ್ಲ. ಅರೆ, ಬೀಸು, ಹಿಂಡು; ಅತ್ತೆ, ಅತ್ತೆ, ಅತ್ತೆ. ಒಂಬತ್ತನೆಯ ಚೀಟಿಗೆ ಒಳಗಿನಿಂದ ಒಂದು ಕೆಮ್ಮು ಬಂತು. ಹನ್ನೊಂದನೆಯದಕ್ಕೆ ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಹದಿನಾಲ್ಕನೆಯದನ್ನು ಓದುತ್ತಿದ್ದ ಹಾಗೆ ಆ ಸಂದಿಯಿಂದ ಮಾತು ಬಂತು.

"ಬಾಳೆಹಣ್ಣಿಗೆ ಹೊಸಕು ಅಂದಿಲ್ಲ ನಾನು. ಕಿವುಚು ಅಂದಿದ್ದೆ."

ಮೇಷ್ಟ್ರು ತಿದ್ದಿಕೊಂಡರು. ಹದಿನೇಳೂ ಮುಗಿಸಿ, ಇದೆಲ್ಲ ಈಗ ಬರುವ ಪುಸ್ತಕದಲ್ಲೇ ಅಚ್ಚಾಗುತ್ತದೆ, ಎಂ ತನಕ ಕಾಯಬೇಕಿಲ್ಲ, ಅಲ್ಲಿ ಅತ್ತೆಯದು ಒಂದೇ ಪದ, ಇಲ್ಲಿ ಹದಿನೇಳು ಸಲ ಎಂದರು. ಬಾಗಿಲು ಪೂರ್ತಿ ತೆರೆಯಿತು. ಅತ್ತೆ ಹೊದಿಕೆ ಹೊದ್ದು ನಿಂತಿದ್ದರು. ಮೇಷ್ಟ್ರ ತೊಡೆಯ ಮೇಲಿದ್ದ ಖಾಲಿ ಚೀಟಿಯ ಕಡೆ ಬೊಟ್ಟು ಮಾಡಿದರು.

"ಅದ್ಯಾಕೆ ಬೋಳು?"

ಅದನ್ನು ಬರೆಯುವುದಿಲ್ಲ ಎಂದರು ಮೇಷ್ಟ್ರು. ಬರೆಯದಿದ್ದರೆ ಏನಾಗುತ್ತದೆ ಎಂದು ಕೇಳಿದರು ಅತ್ತೆ. ಪುಟದ ನಂಬರು, ಎಂದರು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬೆತ್ತದ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಒಂದು ರಾತ್ರಿಯ ಬಾಕಿಯನ್ನೆಲ್ಲ ಒಟ್ಟು ಮಾಡಿ ಬಿಟ್ಟರು.

"ಬೆಳ್ಳುಳ್ಳಿ ಜಜ್ಜೋಕೆ ಬಾರದ ಅಳಿಯಂದಿರು ನನ್ನ ಒಂದೇ ಮಾತಲ್ಲಿ ಜಜ್ಜಿಹಾಕಿದ್ರು. ಮೂವತ್ತೊಂದು ವರ್ಷ ಕೂತು ಬರೆದದ್ದರಲ್ಲಿ ನಿಮ್ಮದು ಅನ್ನೋ ಮಾತು ಅದೊಂದೇ ನೋಡಿ. ಮಿಕ್ಕಿದ್ದೆಲ್ಲ ನಮ್ಮ ಬಾಯಿಂದ ಕದ್ದದ್ದು."

ಮೇಷ್ಟ್ರ ತಲೆ ತಾನೇ ಬಗ್ಗಿತು. ಈ ಪದದ ಕೆಲಸದಲ್ಲಿ ಜಜ್ಜಿದ ಬೆಳ್ಳುಳ್ಳಿಗೆ ಹೇಗನ್ನಿಸುತ್ತದೆ ಎಂಬುದೊಂದನ್ನು ಅವರು ಮಾಡಿ ನೋಡಿರಲಿಲ್ಲ; ಅದೂ ಆಯಿತು.

"ಬರ್ಕೊಳ್ಳಿ ಮತ್ತೆ" ಎಂದರು ಅತ್ತೆ.

ಹೇಳಿ ಬರೆಸಿದ ಮಾತು ನಿಯಮದಲ್ಲಿ ನಡೆಯುವುದಿಲ್ಲ ಎಂದು ಮೇಷ್ಟ್ರು ನೆಲ ನೋಡಿಕೊಂಡೇ ಗೊಣಗಿದರು.

"ನಾನು ಹೇಳಿ ಬರೆಸ್ತಿಲ್ಲ. ಬೈತಿದ್ದೀನಿ."

ಅದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಮೇಷ್ಟ್ರು ಮೊದಲ ವಾಕ್ಯವನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಗುರುತು ಹಾಕಿದರು. ಅತ್ತೆ ಮಗಳ ಕಡೆ ಕೈ ಚಾಚಿ, ನಿನ್ನೆ ಸಂಜೆಯಿಂದ ಕಾದಿದ್ದ ಎರಡು ಚಮಚವನ್ನು ತರಿಸಿ ಅಳಿಯನ ಕೈಗಿಟ್ಟರು. "ಇದನ್ನ ಪುಡಿ ಮಾಡಿ. ನುಣ್ಣಗೆ. ಕುಟ್ಟಬೇಡಿ, ಜಜ್ಜಬೇಡಿ, ಮೆಲ್ಲಗೆ ಅದುಮಿ." ಮೇಷ್ಟ್ರು ಮೆಲ್ಲಗೆ ಅದುಮಿದರು. ಅದುಮುತ್ತ ಅದುಮುತ್ತ ಅವರ ಮೂಗಿನ ತುದಿಯಿಂದ ಒಂದು ಹನಿ ಚಮಚಕ್ಕೆ ಬಿತ್ತು, ಅದರ ಹಿಂದೆ ಇನ್ನೊಂದು. ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡರು. ಅತ್ತೆ ಔಷಧಿ ಕುಡಿ‌ದು, ಬಾಯಿ ಚಪ್ಪರಿಸಿ, ಇವತ್ತಿನ ಮಾತ್ರೆ ಯಾಕೋ ಉಪ್ಪುಪ್ಪು, ಅಳಿಯಂದಿರು ಅತ್ತರೆ ಉಪ್ಪಿನ ಖರ್ಚು ಉಳಿಯುತ್ತದೆ ಎಂದರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೂವತ್ತೆರಡು ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಊರುಗೋಲಿನ ಸದ್ದಾಯಿತು. ಮೊದಲು ಬೆರಳು ಒಳಗೆ ಬಂತು, ಆಮೇಲೆ ಮೇಷ್ಟ್ರು. ನಿರ್ದೇಶಕಿ ಹದಿನೆಂಟು ಚೀಟಿಗಳನ್ನು ನಿಂತೇ ಓದಲು ಶುರುಮಾಡಿ, ಆರನೆಯದಕ್ಕೆ ಕೂತುಕೊಂಡರು. ಈ ಅತ್ತೆ ಯಾರು, ಯಾವ ಕಡೆಯ ವಿದ್ವಾಂಸರು ಎಂದು ಕೇಳಿದರು. ಅಡುಗೆಮನೆ ಬಾಗಿಲಿನವರು ಎಂದರು ಮೇಷ್ಟ್ರು. ನಿರ್ದೇಶಕಿ ಕೊನೆಯ ಚೀಟಿಯನ್ನು ಎರಡು ಸಲ ಓದಿದರು. ಎರಡು ಗಡಿಯಾರವನ್ನೂ ನೋಡಿಕೊಂಡರು. ಒಂದನ್ನು ಬಿಚ್ಚಿ ಮೇಜಿನ ಖಾನೆಗೆ ಹಾಕಿದರು. ಸಹಿಯಾಯಿತು.

ಮುಂದಿನ ಕ್ರಿಯಾಪದ 'ಕ್ರೈ', ಅಂದರೆ ಅಳುವುದು. ಅದು ಬರೆಯಲು ಮೂರು ತಿಂಗಳಾದರೂ ಬೇಕೆಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ಮೇಷ್ಟ್ರು ಅವತ್ತೇ ಮಧ್ಯಾಹ್ನ ಚೀಟಿ ಕೊಟ್ಟರು. ಮಾತ್ರೆ ಮತ್ತು ಉಪ್ಪಿನ ಆ ವಾಕ್ಯ ಅದರಲ್ಲಿತ್ತು. ಹಿಂಬದಿಯಲ್ಲಿ: ಆಗಿದೆ.

ಸಂಪುಟ ಬಂದಾಗ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಯ ಹೆಂಗಸರನ್ನೆಲ್ಲ ಕರೆದು, ಬೆರಳಿಟ್ಟು ಹತ್ತೊಂಬತ್ತು ಕಡೆ ತೋರಿಸಿದರು. ಅದು ಎಷ್ಟು ಭಾರವಿತ್ತೆಂದರೆ ಬೆತ್ತದ ಕುರ್ಚಿ ಒಂದು ಗೇಣು ಕೆಳಗಿಳಿದು, ನಮ್ಮ ಸೂರು ಇನ್ನಷ್ಟು ಬಿರಿಯಿತು. ಸಂಜೆ ಮಾತ್ರೆಯ ಹೊತ್ತಿಗೆ ಮೇಷ್ಟ್ರು ಚಮಚ ಹಿಡಿದು ಬಂದು, ಪ್ರಶ್ನೆಗಾಗಿ ಕಾದು ನಿಂತರು. ಅತ್ತೆ ಕೇಳಲಿಲ್ಲ. ಔಷಧಿ ಕುಡಿದು ಲೋಟ ವಾಪಸ್ಸು ಕೊಟ್ಟರು.

"ನೂರಾ ಮೂರು ವರ್ಷ ಅಂದ್ರಲ್ಲ" ಎಂದರು. "ಅವಸರ ಮಾಡ್ಬೇಡಿ. ನಾನಿರ್ತೀನಿ."